ಬಯಸಬಾರದವರಿಗೆ ಬಂದ ಕುಲಪತಿ ಪೀಠ

ಯೇಸು ಸಭೆಯ, ಅಂದರೆ ಜೆಸ್ವಿಟ್ ಪಾದ್ರಿಗಳು ಪೂರ್ಣ ವ್ರತ ಸ್ವೀಕರಿಸುವಾಗ ಒಂದು ಮಾತು ಕೊಡುತ್ತಾರೆ. ಸಭೆಯಲ್ಲಾಗಲಿ ಚರ್ಚಿನಲ್ಲಾಗಲಿ ಅಧಿಕಾರದ ಸ್ಥಾನಕ್ಕೆ ಆಸೆಪಡುವುದಿಲ್ಲ, ಅದಕ್ಕಾಗಿ ಓಡಾಡುವುದಿಲ್ಲ ಎಂಬ ಮಾತು ಅದು. ಇಗ್ನೇಷಿಯಸ್ ಲೊಯೊಲಾ ಹದಿನಾರನೇ ಶತಮಾನದಲ್ಲಿ ಹಾಕಿಕೊಟ್ಟ ಕಟ್ಟಳೆ. ಇಂಥ ಸಭೆಯವರ ಹೆಗಲಿಗೆ ಕರ್ನಾಟಕದಲ್ಲಿ ಈಚೆಗೆ ಎರಡು ಸಲ ಹೊಸ ವಿಶ್ವವಿದ್ಯಾಲಯದ ಹೊಣೆ ಬಿದ್ದಿದೆ.

ಮೊದಲನೆಯದು ಬೆಂಗಳೂರಿನ ಸೇಂಟ್ ಜೋಸೆಫ್ಸ್. 1882ರಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಸಂಸ್ಥೆ, 1937ರಲ್ಲಿ ಜೆಸ್ವಿಟರ ಕೈಗೆ ಬಂತು. 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ವಿಶ್ವವಿದ್ಯಾಲಯವಾಗಿ ಉದ್ಘಾಟಿಸಿದರು. ಫಾದರ್ ವಿಕ್ಟರ್ ಲೋಬೊ ಮೊದಲ ಕುಲಪತಿಯಾದರು. ಎರಡನೆಯದು 1880ರಲ್ಲಿ ಇಟಲಿಯ ಜೆಸ್ವಿಟರು ತೆರೆದ ಮಂಗಳೂರಿನ ಸೇಂಟ್ ಅಲೋಶಿಯಸ್. ಅದಕ್ಕೆ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ಅಲ್ಲಿ ಪ್ರಾಂಶುಪಾಲರಾಗಿದ್ದ ಫಾದರ್ ಪ್ರವೀಣ್ ಮಾರ್ಟಿಸ್ ಮೊದಲ ಕುಲಪತಿಯಾದರು.

ಈ ಎರಡೂ ಪೀಠಗಳು ನಮಗೆ ದೂರ. ಕುಲಪತಿ ದೂರದಲ್ಲಿದ್ದರೆ ಏನಾಗುತ್ತದೆ ಎಂಬುದು ನಮ್ಮ ಬಳ್ಳಾರಿಯವರಿಗೆ ಚೆನ್ನಾಗಿ ಗೊತ್ತು. 1953ರ ಅಕ್ಟೋಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಮುನ್ನ ಇಲ್ಲಿಯ ಪದವೀಧರರಿಗೆ ಮದರಾಸು ವಿಶ್ವವಿದ್ಯಾಲಯದ ಮುದ್ರೆ. ಆಮೇಲೆ ಧಾರವಾಡ. 1980ರಿಂದ ಗುಲ್ಬರ್ಗಾ. ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೂ ಕಲಬುರಗಿಯ ಬಸ್ಸು ಹತ್ತಬೇಕಿತ್ತು. 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದ ಮೇಲೆ ಆ ಅಲೆದಾಟ ತಪ್ಪಿತು. ಆದರೂ ಬೆಂಗಳೂರು, ಮಂಗಳೂರಿನ ಹೆಸರಾಂತ ಕಾಲೇಜಿಗೆ ಮಗಳನ್ನು ಕಳಿಸಬೇಕೆಂಬ ಆಸೆ ಜಿಲ್ಲೆಯ ಸಿರುಗುಪ್ಪ, ಕುರುಗೋಡಿನ ಮನೆಗಳಲ್ಲಿ ಇದ್ದೇ ಇದೆ.

ಆ ಆಸೆ ಎಲ್ಲಿ ಮುರಿದುಬೀಳುತ್ತದೆ ನೋಡಿ. ದ್ವಿತೀಯ ಪಿಯು ಫಲಿತಾಂಶ ಬಂದ ಮೇಲೆ ಊರಿನ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುತ್ತಾರೆ. ನಾಡಕಚೇರಿಯಿಂದ ತಂದ ಜಾತಿ, ಆದಾಯ ಪ್ರಮಾಣಪತ್ರ ಸ್ಕ್ಯಾನ್ ಆಗುತ್ತವೆ. ಕೊನೆಗೆ ಪರದೆಯ ಮೇಲೆ ಕಾಲೇಜು ಫೀಜು, ಹಾಸ್ಟೆಲ್ ಫೀಜು, ಕಟ್ಟಬೇಕಾದ ದಿನಾಂಕ. ಜೂನ್ ಎಂದರೆ ರೈತನ ಕೈ ಬರಿದಾಗುವ ಕಾಲ. ತುಂಗಭದ್ರಾ ಕಾಲುವೆಗೆ ನೀರು ಬಿಡುವುದನ್ನೇ ಕಾಯುತ್ತಾ ಬೀಜ, ಗೊಬ್ಬರಕ್ಕೆ ದುಡ್ಡು ಹೊಂದಿಸುವ ಹೊತ್ತು. ಮುಂಗಾರು ಭತ್ತ ಮಿಲ್ಲು ಸೇರಿ ದುಡ್ಡು ಕಾಣುವುದು ನವೆಂಬರ್, ಡಿಸೆಂಬರ್‌ನಲ್ಲಿ. ಮೆಣಸಿನಕಾಯಿ ಬೆಳೆದವರಿಗೆ ಬ್ಯಾಡಗಿ ಮಾರುಕಟ್ಟೆಯ ಪಟ್ಟಿ ಕೈಸೇರುವಷ್ಟರಲ್ಲಿ ಹೊಸ ವರ್ಷ ಬಂದಿರುತ್ತದೆ. ಸ್ಕಾಲರ್‌ಶಿಪ್ ಇನ್ನೂ ತಡ. ಮಗಳು ಬುದ್ಧಿವಂತೆ, ಮನೆಯವರು ಸಾಲಗಾರರೂ ಅಲ್ಲ; ದುಡ್ಡು ಬರುವ ತಿಂಗಳು ಮಾತ್ರ ಬೇರೆ. ಇಷ್ಟಕ್ಕೇ ಒಂದು ಸೀಟು ಕೈಜಾರುವುದು ನನ್ನ ಮಟ್ಟಿಗೆ ಅನ್ಯಾಯ.

ಜೆಸ್ವಿಟರಿಗೆ ಈ ಸೀಮೆ ಅಪರಿಚಿತವಲ್ಲ. ಪಕ್ಕದ ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಅವರ ಶಾಲೆಯಿದೆ. ದಲಿತರ ಮಕ್ಕಳಿಗೆ ಅಕ್ಷರ ಕಲಿಸುವುದನ್ನೇ ಅವರು ಅಲ್ಲಿ ಮುಖ್ಯ ಕೆಲಸವೆಂದು ಹಿಡಿದಿದ್ದಾರೆ. ಆ ಶಾಲೆಯಿಂದ ವಿಶ್ವವಿದ್ಯಾಲಯದವರೆಗಿನ ದಾರಿಯನ್ನು ಅವರೇ ಸಲೀಸು ಮಾಡಬಲ್ಲರು.

ಜಗತ್ತಿನ ಬೇರೆಡೆ ಜೆಸ್ವಿಟ್ ವಿಶ್ವವಿದ್ಯಾಲಯಗಳ ಮುಖ್ಯಸ್ಥರ ಪೀಠವೂ ಬದಲಾಗಿದೆ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ 2001ರಲ್ಲಿ ಪಾದ್ರಿಯಲ್ಲದ ಜಾನ್ ಡಿಜಿಯೋಯಾ ಅಧ್ಯಕ್ಷರಾದರು. ನ್ಯೂಯಾರ್ಕಿನ ಫೋರ್ಡ್‌ಹ್ಯಾಮ್‌ಗೆ 2022ರಲ್ಲಿ ಟಾನಿಯಾ ಟೆಟ್ಲೊ ಬಂದರು. ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ. ಕರ್ನಾಟಕದಲ್ಲೂ ಅಂಥ ದಿನ ಬರಲಿ ಎಂದು ಆಶಿಸುತ್ತೇನೆ.

ಸದ್ಯಕ್ಕೆ, ಈ ಪೀಠಗಳಿಗೆ ಯಾರೇ ಬಂದರೂ ಅವರಲ್ಲಿ ನನ್ನ ಬೇಡಿಕೆ ಚಿಕ್ಕದು. ರೈತರ ಮಕ್ಕಳ ಫೀಜಿನ ದೊಡ್ಡ ಕಂತನ್ನು ಸುಗ್ಗಿಯ ನಂತರದ ಜನವರಿಗೆ ಇಡಲಿ. ಮೇ ತಿಂಗಳಲ್ಲಿ ಪ್ರವೇಶ ವಿಭಾಗದ ಇಬ್ಬರನ್ನು ಸಿರುಗುಪ್ಪಕ್ಕೂ ಕುರುಗೋಡಿಗೂ ಕಳಿಸಿ, ಕೋರ್ಸು, ಹಾಸ್ಟೆಲ್, ರಿಯಾಯಿತಿಗಳ ವಿವರವನ್ನು ಅಪ್ಪ-ಅಮ್ಮಂದಿರಿಗೆ ಕನ್ನಡದಲ್ಲೇ ಹೇಳಿಸಲಿ.