ಹೆಸರಿದ್ದ ಡಬ್ಬಿ ಮನೆಗೆ, ಹೆಸರಿಲ್ಲದ ಕೊಡೆ ಕಂಡವರ ಪಾಲಿಗೆ

ಕಳೆದ ಮಳೆಗಾಲದಲ್ಲಿ ಈ ಅಂಕಣಕಾರ ಎರಡು ಸಾಮಾನು ಬಸ್ಸಿನಲ್ಲಿ ಮರೆತ. ಒಂದು ಕೊಡೆ, ಇನ್ನೊಂದು ಮೂರು ಅಂತಸ್ತಿನ ಊಟದ ಡಬ್ಬಿ. ಎರಡೂ ಸಲ ಅದೇ ಬಸ್ಸು, ಬೆಳಿಗ್ಗೆ ಹಾಸನದಿಂದ ಅರಸೀಕೆರೆ ಕಡೆಗೆ ಹೊರಡುವುದು. ಕಾರಣವೂ ಅದೇ. ಕಿಟಕಿ ಪಕ್ಕದ ಸೀಟು, ತಣ್ಣನೆ ಗಾಳಿ, ಸುಖ ನಿದ್ದೆ! ಸ್ಟಾಪು ಬಂದಾಗ ದಡಬಡಿಸಿ ಇಳಿದದ್ದು, ಬಸ್ಸು ಹೊರಟ ಮೇಲೆ ಬರಿಗೈ ನೋಡಿಕೊಂಡದ್ದು. ತಪ್ಪು ನನ್ನದೇ, ಬಸ್ಸಿನವರದಲ್ಲ.

ಕೊಡೆ ಇವತ್ತಿಗೂ ಬಂದಿಲ್ಲ. ಡಬ್ಬಿ ಐದನೇ ದಿನ ಮನೆ ಸೇರಿತು. ಕಾರಣ ಇಷ್ಟೇ: ಡಬ್ಬಿಗೆ ಹೆಸರಿತ್ತು, ಕೊಡೆಗೆ ಇರಲಿಲ್ಲ.

ಡಬ್ಬಿ ನಮ್ಮ ತಾಯಿಯವರ ಕಾಲದ್ದು. ತಳದಲ್ಲಿ ಅವರ ಹೆಸರು, ಊರಿನ ಹೆಸರು, 1978 ಎಂಬ ಇಸವಿ, ಎಲ್ಲವೂ ಚುಕ್ಕಿ ಚುಕ್ಕಿಯಾಗಿ ಹೊಡೆದದ್ದು. ತಾಯಿಯವರು ತೀರಿಕೊಂಡು ಆರು ವರ್ಷವಾಯಿತು. ಡಬ್ಬಿ ಬೇಕೆಂದರೆ ಪೇಟೆಯಲ್ಲಿ ಹೊಸದು ಸಿಗುತ್ತದೆ. ಅವರೇ ಪಾತ್ರೆ ಅಂಗಡಿಯ ಮುಂದೆ ನಿಂತು, "ಅಕ್ಷರ ದಪ್ಪಗೆ ಬರ್ಲಪ್ಪಾ" ಎಂದು ಹೇಳಿ ಹಾಕಿಸಿದ ಹೆಸರು ಯಾವ ಅಂಗಡಿಯಲ್ಲಿ ಸಿಕ್ಕೀತು? ಆ ನಾಲ್ಕು ದಿನ ನನಗೆ ಸರಿಯಾಗಿ ಅನ್ನ ಇಳಿಯಲಿಲ್ಲ.

ಡಬ್ಬಿ ಬಂದ ದಾರಿ ಕೇಳಿ. ಹಿಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬರು ಅದನ್ನು ಎತ್ತಿಕೊಂಡು, ತಾವು ಇಳಿದ ಕಡೆ ರಸ್ತೆ ಬದಿಯ ದಿನಸಿ ಅಂಗಡಿಗೆ ಕೊಟ್ಟರಂತೆ. ಅಂಗಡಿಯವರು ಡಬ್ಬಿ ತೊಳೆಸಿ, ಹೆಸರು ಕಾಣುವ ಹಾಗೆ ಗಲ್ಲಾಪೆಟ್ಟಿಗೆ ಪಕ್ಕ ಬೋರಲು ಇಟ್ಟರು. ಬಂದ ಗಿರಾಕಿಗಳಿಗೆಲ್ಲ, "ಈ ಹೆಸರಿನೋರು ಯಾರಾದ್ರೂ ಗೊತ್ತೇನ್ರೀ?" ಎಂದು ಕೇಳಿದರು. ನಾಲ್ಕನೇ ದಿನ ಬೆಲ್ಲಕ್ಕೆ ಬಂದ ಅಜ್ಜಿಯೊಬ್ಬರು ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯೋ, ಇದು ನಮ್ ಮೇಷ್ಟ್ರ ಹೆಂಡ್ರ ಹೆಸರಲ್ವೇ! ಅವ್ರ ಮಗ ಪೇಪರ್‌ನಲ್ಲಿ ಏನೇನೋ ಬರೀತಾನೆ" ಎಂದರಂತೆ.

ಡಬ್ಬಿ ತರಲು ಹೋದಾಗ ನನ್ನ ಕೊಡೆಯನ್ನೂ ವಿಚಾರಿಸಿದೆ. ಅಂಗಡಿಯವರು ಮಾತಾಡದೆ ಮೇಲಿನ ಹಲಗೆ ತೋರಿಸಿದರು. ಐದು ಕಪ್ಪು ಕೊಡೆ, ಒಂದು ಕನ್ನಡಕ, ಮಕ್ಕಳ ನೀರಿನ ಬಾಟಲಿ ಎರಡು.

"ಕೊಡಬಾರ್ದು ಅಂತಿಲ್ಲ ಸ್ವಾಮಿ. ಯಾರಿಗೆ ಕೊಡ್ಲಿ? ಐದೂ ಒಂದೇ ಥರ ಇವೆ. ಬಂದೋರೆಲ್ಲ ನಂದೇ ಅಂತಾರೆ. ಒಬ್ರಿಗೆ ಕೊಟ್ಟು ಇನ್ನೊಬ್ರ ಹತ್ರ ಬೈಸ್ಕೊಂಡೂ ಆಗಿದೆ. ಇವುಗಳಲ್ಲಿ ನಿಮ್ದು ಯಾವುದು, ಹೇಳಿ ನೋಡೋಣ?"

ನಾನು ಹೇಳಲಾರದೆ ಹೋದೆ. ಎರಡು ವರ್ಷ ಹಿಡಿದು ಓಡಾಡಿದ ಕೊಡೆಯ ಗುರುತು ಅದರ ಯಜಮಾನನಿಗೇ ಗೊತ್ತಿಲ್ಲ!

ಹೆಸರು ಹಾಕಿಸುವುದು ಕಳ್ಳನಿಗಾಗಿ ಎಂದು ನಾವು ತಿಳಿದಿದ್ದೇವೆ. ಕಳ್ಳ ಹೆಸರು ಓದಿ ಹೆದರುವವನಲ್ಲ. ಹೆಸರು ಬೇಕಾಗಿರುವುದು ವಾಪಸು ಕೊಡಬೇಕೆಂದು ಮನಸ್ಸಿರುವ ಮನುಷ್ಯನಿಗೆ. ಅಂಥವರು ಊರಿನಲ್ಲಿ ಕಡಿಮೆಯೇನಿಲ್ಲ. ಅವರಿಗೆ ದಾರಿ ತೋರಿಸದವರು ನಾವು.

ಮುಯ್ಯಿ ಪಾತ್ರೆ, ಮಡಿವಾಳರ ಗುರುತು

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಮದುವೆ ಮನೆಗೆ, ದೇವಸ್ಥಾನದ ಸಂತರ್ಪಣೆಗೆ ನಾಲ್ಕು ಮನೆಯ ಪಾತ್ರೆ ಒಟ್ಟಿಗೆ ಸೇರುತ್ತಿದ್ದವು. ತೊಳೆದು ರಾಶಿ ಹಾಕಿದ ಮೇಲೆ ಯಾರ ಕೊಳಗ ಯಾರದು? ತಳ ತಿರುಗಿಸಿ ನೋಡಿದರೆ ಜಗಳವಿಲ್ಲ. ಮುಯ್ಯಿ ಪಾತ್ರೆಗಾದರೆ ಕೊಟ್ಟವರ ಹೆಸರು, ತಾರೀಖು. ಆಗ ಸಣ್ಣ ಉಳಿ, ಸುತ್ತಿಗೆ ಹಿಡಿದು ಕುಟ್ಟಿ ಅಕ್ಷರ ಮೂಡಿಸುತ್ತಿದ್ದರು. ಆಮೇಲೆ ಕರೆಂಟಿನ ಮಿಷನ್ ಬಂತು. ಗಿರ್ರ್ ಎಂದು ಸೂಜಿ ಅದುರುತ್ತಾ ಹೋದ ಹಾಗೆ ಹೆಸರು ಬೀಳುತ್ತದೆ.

ಮಡಿವಾಳರದು ಇನ್ನೂ ಜಾಣತನ. ಕಾಡುಗೇರಿನ ಕಾಯಿಯ ರಸದಿಂದ ಬಟ್ಟೆಯ ಮೂಲೆಯಲ್ಲಿ ಚುಕ್ಕಿ, ಗೆರೆ ಹಾಕುತ್ತಿದ್ದರು. ಸಂಸ್ಕೃತದಲ್ಲಿ ಭಲ್ಲಾತಕ ಎನ್ನುವುದು ಇದೇ ಕಾಯಿಗೆ. ರಸಕ್ಕೆ ಸುಣ್ಣ ತಾಗಿದರೆ ಕಪ್ಪು ಗಟ್ಟಿಯಾಗಿ ಕೂರುತ್ತದೆ. ಎಷ್ಟು ಒಗೆದರೂ ಹೋಗದು. ಮೈಗೆ ತಾಗಿದರೆ ಗುಳ್ಳೆ ಏಳುವಷ್ಟು ಖಾರ. ಇಂಗ್ಲಿಷಿನವರು ಈ ಕಾಯಿಗೆ ಮಾರ್ಕಿಂಗ್ ನಟ್ ಎಂದೇ ಹೆಸರಿಟ್ಟರು. ಆದರೆ ಆ ಚುಕ್ಕಿ ಗೆರೆಯ ಲೆಕ್ಕ ಮಡಿವಾಳರಿಗೆ ಮಾತ್ರ ಗೊತ್ತು. ಅವರ ಗಂಟಿನೊಳಗೆ ಇರುವವರೆಗೆ ಅದು ಸಾಕು. ಬಟ್ಟೆ ದಾರಿಯಲ್ಲಿ ಬಿದ್ದರೆ, ಕಂಡವರಿಗೆ ಅದರಿಂದ ಏನೂ ತಿಳಿಯದು.

ತಟ್ಟೆ ಎಸೆಯುವ ಆಟದಲ್ಲೂ ಇದೇ ಪಾಠ

ಇದು ನಮ್ಮ ಊರಿನ ಪಾತ್ರೆ ಬಟ್ಟೆಯ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ ಡಿಸ್ಕ್ ಗಾಲ್ಫ್ ಎಂಬ ಆಟವಿದೆ. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದಾದ ಪ್ಲಾಸ್ಟಿಕ್ ತಟ್ಟೆಯನ್ನು ಎಸೆಯುತ್ತಾ ಹೋಗಿ, ಸರಪಳಿ ಇಳಿಬಿಟ್ಟ ಬುಟ್ಟಿಯೊಳಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಎಡ್ ಹೆಡ್ರಿಕ್ ಎಂಬಾತ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಇದಕ್ಕೊಂದು ಅಂಗಳ ಮಾಡಿದರು, 1976ರಲ್ಲಿ ಸಂಘ ಕಟ್ಟಿದರು.

ಆ ಸಂಘದ ನಿಯಮದಲ್ಲಿ ಒಂದು ಮಾತಿದೆ: ಆಡುವ ಪ್ರತಿ ತಟ್ಟೆಗೂ ಆಟಗಾರನ ಪ್ರತ್ಯೇಕ ಗುರುತು ಇರಲೇಬೇಕು. ಗುರುತಿಲ್ಲದ ತಟ್ಟೆ ಎಸೆದರೆ ಮೊದಲ ಸಲ ಎಚ್ಚರಿಕೆ, ಆಮೇಲೆ ಎಸೆದಷ್ಟು ಸಲವೂ ಒಂದೊಂದು ಎಸೆತ ದಂಡ! ಯಾಕೆ? ಇಬ್ಬರದೂ ಒಂದೇ ಬಣ್ಣದ, ಒಂದೇ ಕಂಪನಿಯ ತಟ್ಟೆ, ಪೊದೆಯೊಳಗೆ ಅಕ್ಕಪಕ್ಕ ಬಿತ್ತು ಅನ್ನಿ. ಮುಂದಿನ ಎಸೆತ ಯಾರು ಎಲ್ಲಿಂದ ಎಸೆಯಬೇಕು? ಆಟಗಾರರು ಅಳಿಸದ ಶಾಯಿಯಲ್ಲಿ ತಟ್ಟೆಯ ಒಳಮೈಗೆ ಹೆಸರು, ಫೋನ್ ನಂಬರ್ ಬರೆಯುತ್ತಾರೆ. ಮೇಲ್ಮೈ ಮರಕ್ಕೆ, ಕಲ್ಲಿಗೆ ಉಜ್ಜಿ ಸವೆಯುತ್ತದೆ, ಒಳಮೈ ಅಷ್ಟಾಗಿ ಸವೆಯದು. ಕೆರೆಗೋ ಪೊದೆಗೋ ಬಿದ್ದು ಕಳೆದದ್ದು ಯಾರಿಗಾದರೂ ಸಿಕ್ಕರೆ, ಅವರು ಆ ನಂಬರಿಗೆ ಫೋನ್ ಮಾಡಬಹುದು.

ಇನ್ನೊಂದು ತಮಾಷೆ ಕೇಳಿ. ಎಸೆಯುವ ತಟ್ಟೆಗೆ ಫ್ರಿಸ್ಬೀ ಎಂಬ ಹೆಸರು ಬಂದದ್ದೇ ಪಾತ್ರೆಯ ಮೇಲಿನ ಹೆಸರಿನಿಂದ! ಬ್ರಿಡ್ಜ್‌ಪೋರ್ಟ್ ಎಂಬ ಊರಿನಲ್ಲಿ ಫ್ರಿಸ್ಬಿ ಎಂಬ ಬೇಕರಿಯಿತ್ತು. ಅದರ ತಗಡಿನ ತಟ್ಟೆಗಳ ಮೇಲೆ ಬೇಕರಿಯ ಹೆಸರು ಒತ್ತಿರುತ್ತಿತ್ತು. ತಿಂದಾದ ಮೇಲೆ ಕಾಲೇಜು ಹುಡುಗರು ಆ ತಟ್ಟೆ ಎಸೆದು ಆಡುತ್ತಿದ್ದರು. 1957ರಲ್ಲಿ ವ್ಯಾಮ್-ಓ ಕಂಪನಿಯವರು ತಮ್ಮ ಪ್ಲಾಸ್ಟಿಕ್ ತಟ್ಟೆಗೆ ಅದೇ ಹೆಸರನ್ನು ಕಾಗುಣಿತ ಸ್ವಲ್ಪ ಬದಲಿಸಿ ಇಟ್ಟರು.

ಕಾನೂನು ಏನನ್ನುತ್ತೆ?

ಅಂಗಡಿಯವರು ಇದನ್ನು ಗಮನವಿಟ್ಟು ಓದಬೇಕು. ಗಿರಾಕಿ ಮರೆತದ್ದನ್ನು ನೀವು ಎತ್ತಿಟ್ಟುಕೊಂಡರೆ, 1872ರ ಕರಾರು ಕಾಯಿದೆಯ 71ನೇ ಕಲಮಿನ ಪ್ರಕಾರ ಅದರ ಜೋಪಾನ ನಿಮ್ಮ ಹೊಣೆ. ಕಾಪಾಡಲು, ವಾರಸುದಾರನನ್ನು ಹುಡುಕಲು ತಗಲಿದ್ದನ್ನು ಕೊಡುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು, ಆದರೆ ಆ ಖರ್ಚಿಗಾಗಿ ದಾವೆ ಹೂಡಲಾಗದು. ಕಳೆದುಕೊಂಡವರು ಇಂತಿಷ್ಟು ಇನಾಮು ಎಂದು ಸಾರಿದ್ದರೆ ಅದನ್ನು ಮಾತ್ರ ದಾವೆ ಹೂಡಿ ಪಡೆಯಬಹುದು.

ಸಿಕ್ಕಿದ್ದನ್ನು ನುಂಗಿದರೆ? ಅದಕ್ಕೆ ಮೊದಲು 1860ರ ದಂಡ ಸಂಹಿತೆಯ 403ನೇ ಕಲಮು ಇತ್ತು. 2024ರ ಜುಲೈ 1ರಿಂದ ಆ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು ಬಂದಿದೆ. ಎರಡು ವರ್ಷದವರೆಗೆ ಸಜೆ. ಹಳೆಯ ಸಂಹಿತೆಯ ಉದಾಹರಣೆ ಸೊಗಸಾಗಿದೆ. ರಸ್ತೆಯಲ್ಲಿ ಒಂದು ರೂಪಾಯಿ ಬಿದ್ದಿದೆ, ಯಾರದೆಂದು ಗೊತ್ತಿಲ್ಲ, ಎತ್ತಿಕೊಂಡರೆ ಅಷ್ಟಕ್ಕೇ ಅಪರಾಧವಲ್ಲ. ನೋಟು ಇಟ್ಟ ಕಾಗದದ ಲಕೋಟೆ ಸಿಕ್ಕಿತು, ವಿಳಾಸ ಓದಿ ಯಾರದೆಂದು ತಿಳಿಯಿತು, ಆದರೂ ಜೇಬಿಗೆ ಹಾಕಿಕೊಂಡರೆ ಅಪರಾಧ. ನೋಡಿದಿರಾ? ಯಜಮಾನನನ್ನು ಪತ್ತೆ ಮಾಡುವ ದಾರಿ ಇತ್ತೇ ಎಂಬುದನ್ನು ಕಾನೂನು ಕೇಳುತ್ತದೆ. ಆ ದಾರಿ ಮಾಡಿಕೊಡುವವರು ಸಾಮಾನಿನ ಯಜಮಾನರಾದ ನಾವೇ.

ಹೇಗೆ ಬರೆಯಬೇಕು?

ಡಬ್ಬಿಗೆ ಕೆತ್ತಿಸಿ. ಮುಚ್ಚಳ, ಬಟ್ಟಲು ಪ್ರತಿಯೊಂದಕ್ಕೂ ಬೇರೆ ಬೇರೆ, ಯಾಕೆಂದರೆ ಅದಲು ಬದಲಾಗುವುದು ಮುಚ್ಚಳವೇ. ಕೊಡೆಗೆ ಒಳಬಟ್ಟೆಯ ಮೇಲೆ ಅಳಿಸದ ಶಾಯಿಯ ಪೆನ್ನಿನಲ್ಲಿ ಬರೆಯಿರಿ, ಬಾಲ್‌ಪೆನ್ ನಾಲ್ಕು ಮಳೆಗೆ ಮಾಯ. ಬರೀ ಹೆಸರು ಸಾಲದು, ನಮ್ಮ ತಾಯಿಯ ಹೆಸರನ್ನು ಗುರುತಿಸಿದಂಥ ಅಜ್ಜಿ ಎಲ್ಲ ಊರಲ್ಲೂ ಸಿಗುವುದಿಲ್ಲ. ಫೋನ್ ನಂಬರ್ ಹಾಕಿ.

ಬೀಗದ ಕೈಗೆ ಮಾತ್ರ ಮನೆ ವಿಳಾಸ ಕಟ್ಟಬೇಡಿ. ಅದು ಕಳ್ಳನಿಗೆ ಕೊಟ್ಟ ಆಹ್ವಾನ ಪತ್ರಿಕೆ! ನಂಬರ್ ಒಂದೇ ಸಾಕು. ಎಟಿಎಂ ಕಾರ್ಡಿನ ಹಿಂದೆ ಗುಪ್ತ ಸಂಖ್ಯೆ ಬರೆಯುವ ಮಹಾಶಯರಿಗಂತೂ ಕೈಮುಗಿದೆ.

ಮೊಬೈಲಿಗೆ ಕಂಪನಿಯೇ 15 ಅಂಕಿಯ ಗುರುತು ಹಾಕಿ ಕಳಿಸಿರುತ್ತದೆ. *#06# ಒತ್ತಿದರೆ ಕಾಣುತ್ತದೆ. ಅದನ್ನು ಇವತ್ತೇ ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಫೋನ್ ಕಳೆದರೆ ಪೊಲೀಸ್ ದೂರು ಕೊಟ್ಟು, 2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ಬಂದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಆ ಗುರುತು ಕೊಟ್ಟು ಫೋನನ್ನೇ ಕಟ್ಟಿಹಾಕಿಸಬಹುದು.

ಅಂದಹಾಗೆ, ಆ ಐದು ಕೊಡೆ ಇನ್ನೂ ಹಲಗೆಯ ಮೇಲೇ ಇವೆ. ಅರಸೀಕೆರೆ ದಾರಿಯಲ್ಲಿ ಓಡಾಡುವ ಮಹಾಶಯರಲ್ಲಿ ಯಾರಾದರೂ ಕಳೆದುಕೊಂಡಿದ್ದರೆ ಗುರುತು ಹೇಳಿ ತೆಗೆದುಕೊಂಡು ಹೋಗಿ. ಗುರುತು ಹೇಳಲಾಗದಿದ್ದರೆ ಅಂಗಡಿಯವರನ್ನು ಬೈಯಬೇಡಿ. ನಾನೂ ಬೈಯದೆ, ಒದ್ದೆಯಾಗಿಕೊಂಡೇ ಮನೆಗೆ ಬಂದೆ. ಕೈಯಲ್ಲಿ ತಾಯಿಯ ಡಬ್ಬಿ ಇತ್ತು.