ಕೆರ, ಪಾದರಕ್ಷೆ, ಚಮ್ಮಾವುಗೆ

ಹೊಸ ಭಾಷೆ ಕಲಿಯುವುದು ಅಂದರೆ ಅದರ ಪದಗಳನ್ನು ಬಾಯಿಪಾಠ ಮಾಡುವುದು ಎಂದು ನಮ್ಮ ಶಾಲೆಗಳು ನಂಬಿವೆ. ಈ ನಂಬಿಕೆಯ ಹಿಂದೆ ಒಂದು ಜಾತಿ ಇದೆ. ಪದಕ್ಕೆ ಅರ್ಥದ ಜೊತೆಗೆ ಕೇರಿಯೂ ಇರುತ್ತದೆ. ಅದು ಯಾರ ಬಾಯಿಂದ ಹೊರಟು ಯಾರ ಮೈಮೇಲೆ ಬೀಳುತ್ತದೆ ಎಂಬುದೂ ಇರುತ್ತದೆ. ದಲಿತ ವಿಮರ್ಶೆ ಕೃತಿಯ ಧೋರಣೆಯನ್ನು ಕುರಿತು ಸಾಕಷ್ಟು ಮಾತಾಡಿದೆ, ಪದ ಕಲಿಯುವ ಬಗೆಯನ್ನು ಕುರಿತು ಅಷ್ಟು ಮಾತಾಡಿಲ್ಲ. ಬಸವಕಲ್ಯಾಣ, ಹುಮನಾಬಾದ್ ಕಡೆಯ ಮಾತನ್ನು ಮುಂದಿಟ್ಟುಕೊಂಡು ನಾನಿಲ್ಲಿ ಅದನ್ನು ಬಿಡಿಸಿ ನೋಡುತ್ತೇನೆ.

ನಮ್ಮ ಭಾಗದಲ್ಲಿ ಒಂದೇ ಭಾಷೆಯಿಂದ ದಿನ ಕಳೆಯುವವರು ಕಡಿಮೆ. 1948ರ ತನಕ ನಿಜಾಮರ ಕಚೇರಿ ಉರ್ದುವಿನಲ್ಲಿ ನಡೆಯಿತು. 1956ರಲ್ಲಿ ಹಳೆಯ ಬೀದರ್ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಿದಾಗ ಉದಗೀರ್ ಮುಂಬಯಿಗೆ, ಜಹೀರಾಬಾದ್ ಆಂಧ್ರಕ್ಕೆ ಹೋದವು. ಕಲ್ಯಾಣ, ಹುಮನಾಬಾದ್ ಮೈಸೂರಿಗೆ ಬಂದವು. ಗಡಿ ಬಿತ್ತು, ಮಾತು ಕಡಿಯಲಿಲ್ಲ. ಪುಣೆ-ಹೈದರಾಬಾದ್ ಹೆದ್ದಾರಿಯ ಮೇಲಿರುವ ಹುಮನಾಬಾದಿನಲ್ಲಿ ಕೂಲಿಗೆ ನಿಂತ ಹೆಣ್ಣುಮಗಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಉಮರಗಾದ ಬೀಗರ ಜೊತೆ ಮರಾಠಿ ಆಡುತ್ತಾಳೆ. ಯಾವ ವ್ಯಾಕರಣವನ್ನೂ ಓದದೆ ಮೂರು ಭಾಷೆ ಕಲಿತ ಇವಳನ್ನು ನಾವು ಅನಕ್ಷರಸ್ಥೆ ಅಂತೇವೆ. ಅವಳ ಮಗ ಸಾಲಿಗೆ ಹೋದ ದಿನ ಅವನಿಗೆ ಭಾಷಾನೇ ಬರೂದಿಲ್ಲ ಅಂತ ತೀರ್ಮಾನ ಆಗ್ತದ.

ಅವನಿಗೆ ಬಾರದೆ ಇರುವುದು ಪುಸ್ತಕದ ಕನ್ನಡ. ಅವನು 'ಮನಿ, ಸಾಲಿ, ಕೆರಿ' ಅಂತಾನೆ. ಪುಸ್ತಕ 'ಮನೆ, ಶಾಲೆ, ಕೆರೆ' ಅನ್ನುತ್ತದೆ. ಪದದ ಕೊನೆಯ ಎಕಾರ ನಮ್ಮಲ್ಲಿ ಇಕಾರವಾಗುತ್ತದೆ. ಪುಸ್ತಕದ 'ಬೇಡ, ಮೇಲೆ' ನಮ್ಮಲ್ಲಿ 'ಬ್ಯಾಡ, ಮ್ಯಾಲ'. 'ಕೋಣ, ತೋಟ' ನಮ್ಮಲ್ಲಿ 'ಕ್ವಾಣ, ತ್ವಾಟ'. ಇವು ತಪ್ಪುಗಳಲ್ಲ, ನಿಯಮಗಳು. ಇಷ್ಟನ್ನು ಹೇಳಿಕೊಟ್ಟರೆ ಮಗು ತನಗೆ ಗೊತ್ತಿರುವ ನೂರಾರು ಪದಗಳನ್ನು ತಾನೇ ಪುಸ್ತಕಕ್ಕೆ ದಾಟಿಸುತ್ತದೆ, ಪುಸ್ತಕದ್ದನ್ನು ಮನೆಗೂ ತರುತ್ತದೆ. 'ಶುದ್ಧ ಮಾತಾಡು' ಅಂತ ಗದರಿಸಿದರೆ ಒಂದೊಂದು ಪದವನ್ನೂ ಹೊಸದಾಗಿ ಕಲಿಯಬೇಕು; ಜೊತೆಗೆ ಅವ್ವನ ಮಾತು ಹೊಲಸು ಅನ್ನೋದನ್ನೂ ಕಲಿಯಬೇಕು. ಊರ ಪಾಟೀಲರ ಮನೆಯಲ್ಲೂ 'ಮನಿ' ಅಂತಲೇ ಅಂತಾರೆ. ಅದು ರೂಢಿ ಅನ್ನಿಸಿಕೊಳ್ಳುತ್ತದೆ, ನಮ್ಮ ಮಗುವಿನ 'ಮನಿ' ಮಾತ್ರ ಜಾತಿಯ ಗುರುತಾಗುತ್ತದೆ.

ಕಾಲಿಗೆ ಮೆಟ್ಟುವ ಒಂದೇ ವಸ್ತುವನ್ನು ನೋಡಿ. ಹಳೆಯ ಕನ್ನಡ ಪದ 'ಕೆರ'. ಪಠ್ಯಪುಸ್ತಕದಲ್ಲಿ ಅದು 'ಪಾದರಕ್ಷೆ'. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಹೊಲಿದರು ಎಂಬ ಕತೆ ಹೇಳುವಾಗ 'ಚಮ್ಮಾವುಗೆ'. ಪುರಾಣದ ಪದಕ್ಕೆ ಕೈಮುಗಿಯುತ್ತಾರೆ, ಪುಸ್ತಕದ ಪದ ಪರೀಕ್ಷೆಗೆ ಬರುತ್ತದೆ, ಹೊಲಿಯುವವನ ಮನೆಯ ಪದ ಬೈಗುಳಕ್ಕೆ ಬಳಕೆಯಾಗುತ್ತದೆ. ನಿಘಂಟು ಮೂರನ್ನೂ ಸಮಾನಾರ್ಥಕ ಅನ್ನುತ್ತದೆ. ಮೆಟ್ಟುವವರಿಗೆ ಮೂರೂ ಒಂದೇ ಇರಬಹುದು, ಹೊಲಿದವರಿಗೆ ಒಂದಲ್ಲ. ಮಿಣಿ, ಬಾರುಕೋಲು, ಜತ್ತಿಗೆ, ರಂಪಿಗೆ ಇವೆಲ್ಲ ತೊಗಲಿನ ಕೆಲಸ ಬಲ್ಲವರ ಪದಗಳು. ಇವು ಪಠ್ಯಕ್ಕೆ ಬಂದದ್ದು ಕಡಿಮೆ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ ತಂತಮ್ಮ ಕಾಯಕದ ಮಾತನ್ನು ವಚನಕ್ಕೆ ತಂದರು. ಕನ್ನಡದ ಪದಗಳು ಹಾಗೆ ಬೆಳೆದವು.

ಪದದೊಳಗೆ ಕೂತ ಯಜಮಾನಿಕೆಯನ್ನು ಓದುವುದೂ ಭಾಷೆ ಕಲಿಯುವುದರ ಭಾಗ. ಮರಾಠಿಯ 'ಬಲೂತ' ಅಂದರೆ ಊರ ಚಾಕರಿಯವರಿಗೆ ಸುಗ್ಗಿಯಲ್ಲಿ ಕೊಡುವ ಕಾಳಿನ ಪಾಲು. ಇದು ಕೊಡುವವನ ಕಣದಲ್ಲಿ ನಿಂತು ಹೇಳಿದ ಅರ್ಥ. ದಯಾ ಪವಾರ್ 1978ರಲ್ಲಿ ತಮ್ಮ ಆತ್ಮಕತೆಗೆ ಅದೇ ಹೆಸರಿಟ್ಟ ಮೇಲೆ ಉಡಿಯೊಡ್ಡಿ ನಿಂತವನ ಅರ್ಥವೂ ಅದಕ್ಕೆ ಸೇರಿತು. 'ವತನ' ಅಂದರೆ ಗೌರವ ಅಂದುಕೊಂಡಿದ್ದ ಕಾಲದಲ್ಲಿ ಅಂಬೇಡ್ಕರ್ ಮಹಾರ್ ವತನವನ್ನು ಗುಲಾಮಗಿರಿ ಎಂದು ಓದಿದರು; 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಆ ಕಾಯಿದೆ ತಿದ್ದಲು ಮಸೂದೆ ತಂದರು. ಶಾಲೆಯಲ್ಲಿ ಸಂಸ್ಕೃತ ಸಿಗದೆ ಪಾರ್ಸಿ ಓದಿದವರು ಅವರು. ಮುಂದೆ ಸಂಸ್ಕೃತವನ್ನು ತಾವೇ ಕಲಿತರು, ಪಾಲಿ ಭಾಷೆಗೆ ವ್ಯಾಕರಣ, ನಿಘಂಟು ಕಟ್ಟಿದರು. ಅದು 1998ರಲ್ಲಿ ಅವರ ಬರಹಗಳ 16ನೇ ಸಂಪುಟವಾಗಿ ಅಚ್ಚಾಯಿತು.

ಇನ್ನು ಕಚೇರಿಯ ಮಾತು. ಅರ್ಜಿ, ಮಂಜೂರು, ಕಬ್ಜಾ, ತಕರಾರು, ಜಮೀನು ಇವೆಲ್ಲ ಉರ್ದುವಿನ ದಾರಿಯಿಂದ ಬಂದವು. ಸಂತೆಯಲ್ಲಿ ದಖನಿ ಆಡುವ ನಮ್ಮವರಿಗೆ ಇವು ಹೊಸವಲ್ಲ. ಶಾಲೆ ಬೆರಕೆ ಎಂದು ತಳ್ಳಿದ ಪದವೇ ಇಲ್ಲಿ ಠಸ್ಸೆ ಬಿದ್ದು ಕಾನೂನಾಗಿದೆ. ಆದರೆ ಯಾರ ಮನೆಯಲ್ಲೂ ಆಡದ ಒಂದು ಪದವೂ ಕಚೇರಿಯಲ್ಲಿದೆ: 'ಪರಭಾರೆ'. ಪಿ.ಟಿ.ಸಿ.ಎಲ್. ಎಂದು ಕರೆಯುವ 1978ರ ಕರ್ನಾಟಕದ ಕಾಯಿದೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು ನಿಷೇಧಿಸಿದೆ. ಮಾರಾಟ ಅಷ್ಟೇ ಅಲ್ಲ; ದಾನ, ಅದಲುಬದಲು, ಅಡವು, ಗುತ್ತಿಗೆ ಎಲ್ಲವೂ ಅದರೊಳಗೆ ಬರುತ್ತವೆ. 'ನಾವು ಹೊಲ ಮಾರಿಲ್ರೀ, ಅಡವು ಇಟ್ಟೀವಿ' ಅನ್ನುವ ಮುತ್ಯಾನಿಗೆ ಅಡವೂ ಪರಭಾರೆನೇ, ಅಸಿಸ್ಟೆಂಟ್ ಕಮಿಷನರರಿಗೆ ಅರ್ಜಿ ಕೊಟ್ಟು ಹೊಲ ವಾಪಸ್ ಕೇಳಬಹುದು ಎಂದು ಬಿಡಿಸಿ ಹೇಳುವವರು ಬೇಕು. ಆ ಅರ್ಜಿಗೆ ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಇಲ್ಲಿ ಶಬ್ದಸಂಪತ್ತು ಅಂದರೆ ನಾಲ್ಕು ಎಕರೆ ಹೊಲ.

ಹಾಗಾಗಿ ಕಲಿಯುವ ಹುಡುಗ ಹುಡುಗಿಯರಿಗೆ ನಾನು ಒಂದು ವಹಿ ಇಡಲು ಹೇಳುತ್ತೇನೆ. ಮೊದಲ ಕಾಲಮ್ಮಿನಲ್ಲಿ ಆಯಿ ಆಡುವ ಪದ. ಎರಡನೆಯದರಲ್ಲಿ ಪುಸ್ತಕದ್ದೋ ಕಚೇರಿಯದೋ ಪದ. ಮೂರನೆಯದರಲ್ಲಿ ಅದನ್ನು ಯಾರು ಯಾರಿಗೆ ಅಂತಾರೆ ಎಂಬುದು. 1894ರ ಕಿಟೆಲ್ ಕೋಶ, 1995ರಲ್ಲಿ ಎಂಟು ಸಂಪುಟಗಳಲ್ಲಿ ಮುಗಿದ ಸಾಹಿತ್ಯ ಪರಿಷತ್ತಿನ ನಿಘಂಟು ದೊಡ್ಡ ಕೆಲಸಗಳು. ಮೊದಲ ಎರಡಕ್ಕೆ ಅವು ನೆರವಾಗುತ್ತವೆ. ಮೂರನೆಯದನ್ನು ಅನ್ನಿಸಿಕೊಂಡವರೇ ಬರೆಯಬೇಕು.

ವಿಮರ್ಶೆಗೂ ಇದೇ ಮಾತು. 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ಬಂದಾಗ ಭಾಷೆ ತಿಳಿಯೋದಿಲ್ಲ ಎಂಬ ದೂರು ಕೇಳಿಬಂತು. ಆ ಮೈಸೂರು ಸೀಮೆಯ ಮಾತು ಕಲ್ಯಾಣದ ಕಡೆಯ ನನಗೂ ಹೊಸದೇ. ನಾಲ್ಕು ಪುಟ ಗಟ್ಟಿಯಾಗಿ ಓದಿದ ಮೇಲೆ ಕಿವಿ ಹಿಡಿಯಿತು. ಹಳಗನ್ನಡಕ್ಕೆ ಅರ್ಥಕೋಶ ಹಿಡಿದು ವರ್ಷಗಟ್ಟಲೆ ಕೂರುವ ಓದುಗ ಕೇರಿಯ ಕನ್ನಡಕ್ಕೆ ಒಂದು ವಾರ ಕೂರಲಾರ ಅಂದರೆ ತೊಡಕು ಪದದಲ್ಲಿ ಇಲ್ಲ. ಬೀದರಿನ ದಲಿತ ಲೇಖಕ ತನ್ನ ಪದಗಳಿಗೆ ಅಡಿಟಿಪ್ಪಣಿ ಹಾಕುವ ಮೊದಲು ವಿಮರ್ಶಕರು ಆ ಪದ ಕಲಿಯಲು ಕೂರಬೇಕು.