ಸಂಸಾರ ಸಮೇತ ಪರದೇಶಕ್ಕೆ: ಹೊರಡುವ ಮುನ್ನ ಒಂದು ಲೆಕ್ಕ

"ಅವನಿಗೆ ಫಾರಿನ್ನಲ್ಲಿ ಎಂ.ಎಸ್. ಸೀಟು ಸಿಕ್ತಂತೆ. ಹೆಂಡತಿ, ಮಗುವನ್ನೂ ಕರಕೊಂಡು ಹೋಗ್ತಾನಂತೆ!" ಕುಮಟಾ ಪೇಟೆಯಲ್ಲೋ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲೋ ಇಂಥ ಮಾತು ಕಿವಿಗೆ ಬೀಳುವುದು ಈಗ ಹೊಸತೇನಲ್ಲ. ಕೇಳಿದವರ ಮೊದಲ ಪ್ರಶ್ನೆ, "ಟಿಕೀಟಿಗೆ ಎಷ್ಟಾಗ್ತದೆ?" ಆದರೆ ಸೋದರಿಯರೇ, ಈ ಲೆಕ್ಕದಲ್ಲಿ ವಿಮಾನದ ಟಿಕೀಟು ಸಣ್ಣ ಬಾಬು. ದೊಡ್ಡ ಬಾಬು ಬೇರೆಯೇ ಇದೆ: ಅಲ್ಲಿಗೆ ಹೋದ ಮೇಲೆ ನೀವು ದುಡಿಯಬಹುದೋ, ಇಲ್ಲವೋ?

ಸಂಸಾರಕ್ಕೆ ತಲೆವಾರು ಬೆಲೆಯಿದೆ ಎಂಬುದನ್ನು ಭಟ್ಕಳದ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೌದಿ ಅರೇಬಿಯ 2017ರ ಜುಲೈಯಿಂದ ಪರದೇಶಿ ನೌಕರರ ಮನೆಮಂದಿಯ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷವರ್ಷ ಏರಿ 2020ರ ಜುಲೈಗೆ ಅದು 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200 ರಿಯಾಲ್! ಆದರೂ ಅಲ್ಲಿ ಯಜಮಾನರಿಗೆ ಸಂಬಳವಾದರೂ ಇರುತ್ತದೆ. ಓದಲು ಹೋಗುವವರಿಗೆ ಅದೂ ಇಲ್ಲ. ಹಣ ಊರಿನಿಂದಲೇ ಹೋಗಬೇಕು.

ಒಂದೊಂದು ದೇಶದ್ದೂ ಒಂದೊಂದು ಕಟ್ಟಳೆ. ಅಮೆರಿಕಕ್ಕೆ ಎಫ್-1 ವೀಸಾದಲ್ಲಿ ಹೋದವರ ಸಂಗಾತಿಗೆ ಸಿಗುವುದು ಎಫ್-2. ಅದರಲ್ಲಿ ಒಂದು ಡಾಲರನ್ನೂ ದುಡಿಯುವಂತಿಲ್ಲ. ಮಕ್ಕಳು ಸರ್ಕಾರಿ ಶಾಲೆಗೆ ಹೋಗಬಹುದು, ನೀವು ಅರೆಕಾಲಿಕವಾಗಿ ಏನಾದರೂ ಓದಬಹುದು, ಅಷ್ಟೇ. ಜೆ-1 ವೀಸಾದವರ ಸಂಗಾತಿಯಾದರೆ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಒಂದೇ ಅಕ್ಷರದ ವ್ಯತ್ಯಾಸ, ನೋಡಿ!

ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ವಿದ್ಯಾರ್ಥಿಗಳು ಸಂಸಾರವನ್ನು ಕರೆತರುವಂತೆಯೇ ಇಲ್ಲ. ಪಿಎಚ್.ಡಿ. ಮುಂತಾದ ಸಂಶೋಧನಾ ಪದವಿಯವರಿಗೆ ಮತ್ತು ಸರ್ಕಾರಿ ವಿದ್ಯಾರ್ಥಿವೇತನ ಪಡೆದವರಿಗೆ ಮಾತ್ರ ಅವಕಾಶ. ಅವರೂ ಆರೋಗ್ಯ ಶುಲ್ಕವೆಂದು ತಲೆಗೆ ವರ್ಷಕ್ಕೆ 776 ಪೌಂಡ್ ಕಟ್ಟಬೇಕು. ಗಂಡ, ಹೆಂಡತಿ, ಒಂದು ಮಗು ಎಂದರೆ ವರ್ಷಕ್ಕೆ 2,328 ಪೌಂಡ್. ಪೌಂಡಿಗೆ 110 ರೂಪಾಯಿ ಹಿಡಿದರೂ ಎರಡೂವರೆ ಲಕ್ಷ ದಾಟಿತು. ಅದೂ ವೀಸಾದ ಅಷ್ಟೂ ವರ್ಷಗಳದ್ದನ್ನು ಅರ್ಜಿಯ ಜೊತೆಗೇ ಮುಂಗಡ ಸುರಿಯಬೇಕು.

ಆಸ್ಟ್ರೇಲಿಯದವರು ಸಂಗಾತಿಗೆ ಕೆಲಸ ಮಾಡಲು ಬಿಡುತ್ತಾರೆ. ಆದರೆ ಮೊದಲು ಹಣ ತೋರಿಸಿ ಎನ್ನುತ್ತಾರೆ. 2024ರ ಮೇ ತಿಂಗಳಲ್ಲಿ ಗೊತ್ತುಮಾಡಿದ ಪ್ರಕಾರ ವಿದ್ಯಾರ್ಥಿಗೆ 29,710 ಡಾಲರ್, ಸಂಗಾತಿಗೆ 10,394, ಮಗುವಿಗೆ 4,449. ಒಟ್ಟು 44,553. ಅಲ್ಲಿಯ ಡಾಲರಿಗೆ 55 ರೂಪಾಯಿ ಹಿಡಿದರೂ 24 ಲಕ್ಷದ ಮೇಲಾಯಿತು. ಒಬ್ಬರೇ ಹೋದರೆ ಸುಮಾರು 16 ಲಕ್ಷ ಸಾಕಿತ್ತು. ಕಾಲೇಜಿನ ಫೀಸು, ಶಾಲೆಗೆ ಹೋಗುವ ಮಗುವಿನ ಖರ್ಚು ಇದರಲ್ಲಿ ಸೇರಿಲ್ಲ.

ಕೆನಡಾ ಹಿಂದೆ ಸಂಗಾತಿಗಳಿಗೆ ಧಾರಾಳವಾಗಿ ಕೆಲಸದ ಪರವಾನಗಿ ಕೊಡುತ್ತಿತ್ತು. 2025ರ ಜನವರಿ 21ರಿಂದ ಅದು ಬಿಗಿಯಾಯಿತು. ಮಾಸ್ಟರ್ಸ್ ಆದರೆ ಕನಿಷ್ಠ 16 ತಿಂಗಳ ಕೋರ್ಸಾಗಿರಬೇಕು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಕುಟುಂಬದ ಪರವಾನಗಿಯಲ್ಲಿ ಬಂದ ಸಂಗಾತಿ ದುಡಿಯಲೂಬಹುದು. ಆದರೆ ವಿದ್ಯಾರ್ಥಿ ವರ್ಷಕ್ಕೆ 11,904 ಯೂರೋ ಬ್ಯಾಂಕಿನಲ್ಲಿ ಕಟ್ಟಿಡಬೇಕು. ಸಂಗಾತಿಗೆ ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ಬರಬೇಕು.

ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ಏಜೆಂಟರ ಬಾಯಿಮಾತನ್ನು ನಂಬದೆ ಆಯಾ ಸರ್ಕಾರದ ಪ್ರಕಟಣೆಯನ್ನೇ ಓದಿ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಹೊನ್ನಾವರದಲ್ಲಿ ನೀವು ಟೀಚರು, ತಿಂಗಳಿಗೆ 25 ಸಾವಿರ ಸಂಬಳ ಎಂದಿಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ಹೋದರೆ ಆರು ಲಕ್ಷ ಹೋಯಿತು. ಯಾವ ಪಟ್ಟಿಯಲ್ಲೂ ಈ ಆರು ಲಕ್ಷ ಕಾಣುವುದಿಲ್ಲ! ಊರಲ್ಲಾದರೆ ಮಗುವನ್ನು ಆಯಿಯ ಕೈಗೋ ಅತ್ತೆಯ ಕೈಗೋ ಕೊಟ್ಟು ಶಾಲೆಗೆ ಹೊರಡುತ್ತಿದ್ದಿರಿ. ಅಲ್ಲಿ ಆ ಅಜ್ಜಿಯ ಜಾಗಕ್ಕೂ ಬಾಡಿಗೆ ಕೊಡಬೇಕು. ಕುಚ್ಚಲಕ್ಕಿ, ಹಪ್ಪಳ, ಮುರುಗಲು ಸಿಪ್ಪೆ ಕಟ್ಟಿಕೊಂಡು ಹೋದರೆ ಉಳಿಯುವುದು ಕೆಲವು ಸಾವಿರ ಮಾತ್ರ. (ಹಾಗೆ ಒಯ್ದದ್ದನ್ನು ಅಲ್ಲಿಯ ಕಸ್ಟಮ್ಸಿನವರಿಗೆ ಹೇಳಲು ಮರೆಯಬೇಡಿ.)

ಇನ್ನು ಸಾಲ. ಬ್ಯಾಂಕಿನ ಶಿಕ್ಷಣ ಸಾಲ ಓದುವವರ ಖರ್ಚಿಗೆ; ಹೆಂಡತಿ ಮಕ್ಕಳ ಊಟ ಬಟ್ಟೆಗಲ್ಲ. ದೊಡ್ಡ ಮೊತ್ತಕ್ಕೆ ಸಾಮಾನ್ಯವಾಗಿ ಮನೆಯನ್ನೋ ಜಾಗವನ್ನೋ ಆಧಾರ ಕೊಡಬೇಕಾಗುತ್ತದೆ. ಓದುವಾಗ ಕಂತು ಇಲ್ಲದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ: 25 ಲಕ್ಷಕ್ಕೆ ಶೇಕಡಾ 10ರಂತೆ ತಿಂಗಳಿಗೆ ಸುಮಾರು 20,800 ರೂಪಾಯಿ. ಮದುವೆಯಾದವರ ಸಾಲಕ್ಕೆ ಸಂಗಾತಿಯೂ ಸಹ-ಸಾಲಗಾರರಾಗಿ ರುಜು ಹಾಕುವುದುಂಟು. "ಇಲ್ಲೊಂದು ಸೈನ್ ಹಾಕು" ಎಂದಾಗ ಸುಮ್ಮನೆ ಹಾಕಬೇಡಿ. ಆ ರುಜು ಹಾಕಿದ ಮೇಲೆ ಸಾಲ ತೀರಿಸುವ ಹೊಣೆ ನಿಮ್ಮದೂ ಹೌದು.

ಸಾಲದಲ್ಲಿ ಸೇರದ ಸಂಸಾರದ ಖರ್ಚಿಗೆ ಮೊದಲು ಕಣ್ಣು ಬೀಳುವುದು ನಿಮ್ಮ ಬಂಗಾರದ ಮೇಲೆ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ. ಕಷ್ಟಕಾಲದಲ್ಲಿ ಗಂಡ ಬಳಸಿದರೂ ಅದನ್ನು ಹಿಂತಿರುಗಿಸುವ ಹೊಣೆ ಅವನದು ಎಂದು ಸುಪ್ರೀಂ ಕೋರ್ಟು 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿದೆ. ಕೊಡಬೇಡಿ ಎನ್ನುತ್ತಿಲ್ಲ. ಮನಸಾರೆ ಕೊಡಿ, ಆದರೆ ಎಷ್ಟು ಕೊಟ್ಟಿರಿ ಎಂದು ಬರೆದಿಡಿ.

ಹಾಗಾದರೆ ಹೋಗಲೇಬಾರದೇ? ಹಾಗಲ್ಲ. ಫೀಸು ಮಾಫಿ, ತಿಂಗಳ ಭತ್ಯೆ ಇರುವ ಪಿಎಚ್.ಡಿ. ಸಿಕ್ಕಿದರೆ ಮಾತೇ ಬೇರೆ. ಆದರೂ ಆ ಭತ್ಯೆ ಒಬ್ಬರ ಹೊಟ್ಟೆಗೆ ಅಳೆದದ್ದು ಎಂಬುದು ನೆನಪಿರಲಿ. ಕೈಹಣದಲ್ಲಿ ಎಂ.ಎಸ್. ಮಾಡುವುದಾದರೆ ಓದುವವರು ಮೊದಲು ಹೋಗಲಿ. ಮನೆ ಹುಡುಕಿ, ಅಲ್ಲಿಯ ತಿಂಗಳ ಖರ್ಚು ನೋಡಿಕೊಂಡು ಆರು ತಿಂಗಳ ನಂತರ ಕರೆಸಿಕೊಳ್ಳಲಿ. ಆದರೆ ತಡವಾಗಿ ಬಂದವರಿಗೂ ವೀಸಾ, ಕೆಲಸದ ಅನುಮತಿ ಸಿಗುತ್ತದೆಯೇ ಎಂದು ಮುಂಚೆಯೇ ವಿಚಾರಿಸಿ. ನಿಮ್ಮ ಕೆಲಸಕ್ಕೆ ರಾಜೀನಾಮೆ ಬರೆಯುವ ಮೊದಲು ಸಂಬಳವಿಲ್ಲದ ರಜೆ ಸಿಗುತ್ತದೋ ಕೇಳಿ. ನಿಮ್ಮ ಅಂಕಪಟ್ಟಿ, ಪದವಿ ಪತ್ರಗಳನ್ನು ಅವರ ಪತ್ರಗಳ ಜೊತೆಗೇ ಸಿದ್ಧಮಾಡಿಟ್ಟುಕೊಳ್ಳಿ. ತುರ್ತಿಗೆ ಊರಿಗೆ ಮರಳುವಷ್ಟು ಟಿಕೀಟಿನ ಹಣ ನಿಮ್ಮ ಹೆಸರಿನ ಖಾತೆಯಲ್ಲೇ ಇರಲಿ.

ಓದಲು ಹೊರಟವರು ನೀವೇ ಆಗಿದ್ದು, ಮಗುವನ್ನೆತ್ತಿಕೊಂಡು ಹಿಂದೆ ಬರುವವರು ನಿಮ್ಮ ಯಜಮಾನರಾಗಿದ್ದರೆ? ಲೆಕ್ಕ ಇದೇ. ಆಗ ಅವರ ಸಂಬಳವನ್ನೂ ಇದೇ ಪಟ್ಟಿಯಲ್ಲಿ ಬರೆಯಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಾರೆ. ಚಾಚುವ ಕಾಲುಗಳಲ್ಲಿ ನಿಮ್ಮವೂ ಎರಡಿವೆ ಎಂಬುದನ್ನು ಮನೆಯವರೆಲ್ಲ ಕೂತು ಲೆಕ್ಕ ಹಾಕುವಾಗ ನೆನಪಿಸಿ.